ಆವೃತ್ತಿಗಳ ತಿಕ್ಕಾಟದಿಂದ ಕೆಟ್ಟುನಿಂತ ವೈಜ್ಞಾನಿಕ ತಂತ್ರಾಂಶವನ್ನು ಮತ್ತೆ ಓಡಿಸುವ ಬಗೆ

ನಿನ್ನೆಯವರೆಗೆ ಸರಿಯಾಗಿ ಓಡುತ್ತಿದ್ದ ಲೆಕ್ಕಾಚಾರದ ಪ್ರೋಗ್ರಾಂ ಇಂದು ಮೊದಲ ಸಾಲಿನಲ್ಲೇ, ಅಂದರೆ ಲೈಬ್ರರಿಗಳನ್ನು ಇಂಪೋರ್ಟ್ ಮಾಡುವ ಜಾಗದಲ್ಲೇ, ಬಿದ್ದುಹೋಗುತ್ತದೆ. ಕೋಡಿನಲ್ಲಿ ಒಂದಕ್ಷರವೂ ಬದಲಾಗಿಲ್ಲ. ನಡುವೆ ನಡೆದದ್ದು ಇಷ್ಟೇ: ಗ್ರಾಫ್ ಬಿಡಿಸಲು ಬೇಕೆಂದು ಒಂದು ಹೊಸ ಪ್ಯಾಕೇಜನ್ನು ಇನ್‌ಸ್ಟಾಲ್ ಮಾಡಿದಿರಿ, ಅದು ತನಗೆ ಬೇಕಾದ ಬೇರೆ ನಾಲ್ಕು ಪ್ಯಾಕೇಜುಗಳ ಆವೃತ್ತಿಯನ್ನು ಸದ್ದಿಲ್ಲದೆ ಬದಲಿಸಿತು. ಇಂಥ ಹೊತ್ತಿನಲ್ಲಿ ಎರರ್ ಸಂದೇಶದಲ್ಲಿ ಹೆಸರು ಕಂಡ ಪ್ಯಾಕೇಜನ್ನು ಕೂಡಲೇ ಅಪ್‌ಗ್ರೇಡ್ ಮಾಡಬೇಕೆಂದು ಕೈ ತುಡಿಯುವುದು ಸಹಜ. ಆದರೆ ತಪ್ಪು ಒಂದು ಪ್ಯಾಕೇಜಿನದಾಗಿದ್ದು ಬೀಳುವುದು ಇನ್ನೊಂದಾದ್ದರಿಂದ, ಹಾಗೆ ಮಾಡುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಗುತ್ತದೆ. ಮೂರು ಬಾರಿ ಅಪ್‌ಗ್ರೇಡ್, ಎರಡು ಬಾರಿ ಡೌನ್‌ಗ್ರೇಡ್ ಮಾಡುವಷ್ಟರಲ್ಲಿ ಮೊದಲು ಏನಿತ್ತು ಎಂಬುದೇ ಯಾರಿಗೂ ತಿಳಿಯದ ಸ್ಥಿತಿ ಬರುತ್ತದೆ.

ಈ ಮಾರ್ಗದರ್ಶಿಯಲ್ಲಿ ನಾನು ಹಿಡಿದಿರುವ ದಾರಿ ಬೇರೆ. ಕೆಟ್ಟ ಎನ್ವಿರಾನ್‌ಮೆಂಟನ್ನು, ಅಂದರೆ ಒಂದು ಕೆಲಸಕ್ಕೆಂದು ಕೂಡಿಸಿಟ್ಟ ಪೈಥಾನ್ ಮತ್ತು ಪ್ಯಾಕೇಜುಗಳ ಜೋಡಣೆಯನ್ನು, ತೇಪೆ ಹಾಕಿ ಉಳಿಸಿಕೊಳ್ಳುವುದಕ್ಕಿಂತ, ಕೆಟ್ಟದ್ದೇಕೆ ಎಂದು ತಿಳಿದು ಅದನ್ನು ಬದಿಗಿಟ್ಟು, ಹೊಸದೊಂದನ್ನು ಕಟ್ಟಿ, ಕಟ್ಟಿದ ಮೇಲೆ ಅದು ಕೊಡುವ ಅಂಕಿಗಳು ಹಳೆಯವೇ ಹೌದೇ ಎಂದು ಪರೀಕ್ಷಿಸುವುದು ಹೆಚ್ಚು ಕ್ಷೇಮ, ಹೆಚ್ಚು ಬೇಗ. ಉದಾಹರಣೆಗಳೆಲ್ಲ ಪೈಥಾನ್ ಸುತ್ತಲಿನವು, ಏಕೆಂದರೆ ಸಿ, ಸಿ++, ಫೋರ್‌ಟ್ರಾನ್‌ಗಳಲ್ಲಿ ಕಂಪೈಲ್ ಆದ ಭಾಗಗಳನ್ನು ಒಟ್ಟಿಗೆ ಹೊಲಿದಿರುವ ಬಟ್ಟೆ ಅದು. ಹರಿಯುವುದು ಸಾಮಾನ್ಯವಾಗಿ ಆ ಹೊಲಿಗೆಯಲ್ಲೇ. ಆಜ್ಞೆಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಅವನ್ನು ಎಂದಿನಂತೆ ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಬೇಕು.

ಮೊದಲು ಬರೆದಿಡಿ, ಆಮೇಲೆ ಮುಟ್ಟಿ

ಏನನ್ನೂ ಬದಲಿಸುವ ಮೊದಲು ಈಗಿರುವ ಸ್ಥಿತಿಯನ್ನು ಫೈಲಿಗೆ ಇಳಿಸಿಕೊಳ್ಳಬೇಕು. ಪ್ಯಾಕೇಜುಗಳನ್ನು ಇನ್‌ಸ್ಟಾಲ್ ಮಾಡುವ ಪಿಪ್ ಎಂಬ ಸಾಧನದ ‘ಪಿಪ್ ಫ್ರೀಜ್’ ಕೊಡುವ ಪಟ್ಟಿ, ಅದೇ ಕೆಲಸದ ಇನ್ನೊಂದು ಸಾಧನವಾದ ಕಾಂಡಾ ಬಳಸುವವರಾದರೆ ‘ಕಾಂಡಾ ಲಿಸ್ಟ್’ನ ಪೂರ್ಣ ಪಟ್ಟಿ, ಪೈಥಾನ್ ಆವೃತ್ತಿ, ಆಪರೇಟಿಂಗ್ ಸಿಸ್ಟಂ, ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗಿನ ಎರರ್ ಸಂದೇಶ, ಇಷ್ಟೂ ಇರಲಿ. ಸಂದೇಶದ ಕೊನೆಯ ಸಾಲನ್ನು ಮಾತ್ರ ನಕಲು ಮಾಡಿಕೊಳ್ಳುವುದು ಸಾಲದು. ಯಾವ ಫೈಲಿನಿಂದ ಯಾವ ಫೈಲಿಗೆ ಕರೆ ಹೋಗಿ ಎಲ್ಲಿ ಬಿದ್ದಿತು ಎಂಬ ಸುಳಿವು ನಡುವಿನ ಸಾಲುಗಳಲ್ಲಿರುತ್ತದೆ. ಕಾಂಡಾದಲ್ಲಿ ಒಂದು ಹೆಚ್ಚಿನ ಅನುಕೂಲವಿದೆ: ‘ಕಾಂಡಾ ಲಿಸ್ಟ್’ಗೆ ‘ರಿವಿಷನ್ಸ್’ ಆಯ್ಕೆ ಕೊಟ್ಟರೆ ಆ ಎನ್ವಿರಾನ್‌ಮೆಂಟಿನಲ್ಲಿ ಕಾಂಡಾ ಮಾಡಿದ ಬದಲಾವಣೆಗಳು ದಿನಾಂಕಸಹಿತ ಕಾಣುತ್ತವೆ, ಬೇಕಿದ್ದರೆ ಹಿಂದಿನ ಹಂತಕ್ಕೆ ಮರಳಲೂ ಬಹುದು. ಪಿಪ್‌ನಲ್ಲಿ ಇಂಥ ಇತಿಹಾಸವಿಲ್ಲ, ಹಾಗಾಗಿ ಅಲ್ಲಿ ನೀವು ಬರೆದಿಟ್ಟದ್ದೇ ಇತಿಹಾಸ.

ಓಡುತ್ತಿರುವ ಪೈಥಾನ್ ಯಾವುದು?

ಇದು ಬಾಲಿಶ ಪ್ರಶ್ನೆಯಂತೆ ಕಂಡರೂ ಇದನ್ನು ಬಿಟ್ಟು ಮುಂದೆ ಹೋಗಬಾರದು. ಒಂದೇ ಯಂತ್ರದಲ್ಲಿ ಸಿಸ್ಟಂನ ಪೈಥಾನ್, ಕಾಂಡಾದ ಪೈಥಾನ್, ಪ್ರಾಜೆಕ್ಟಿನ ವೆನ್ವ್ (ಪೈಥಾನ್‌ನದೇ ಪ್ರತ್ಯೇಕ ಎನ್ವಿರಾನ್‌ಮೆಂಟ್) ಒಳಗಿನ ಪೈಥಾನ್ ಎಲ್ಲವೂ ಇರಬಹುದು. ‘ಪಿಪ್’ ಎಂದು ಟೈಪ್ ಮಾಡಿದಾಗ ಉತ್ತರ ಕೊಡುವುದು ಇವುಗಳಲ್ಲಿ ಒಂದಾದರೆ, ಜುಪಿಟರ್ ನೋಟ್‌ಬುಕ್‌ನ ಕರ್ನೆಲ್, ಅಂದರೆ ಅದರ ಕೋಡನ್ನು ಓಡಿಸುವ ಪ್ರೊಸೆಸ್, ಓಡುತ್ತಿರುವುದು ಇನ್ನೊಂದರಲ್ಲಿ. ಪೈಥಾನ್ ಒಳಗೆ ‘ಸಿಸ್’ ಮಾಡ್ಯೂಲನ್ನು ಇಂಪೋರ್ಟ್ ಮಾಡಿ ಅದರ ‘ಎಕ್ಸಿಕ್ಯೂಟಬಲ್’ ಮತ್ತು ‘ಪಾತ್’ಗಳನ್ನು ಮುದ್ರಿಸಿ ನೋಡಿ, ತಕರಾರು ಮಾಡುತ್ತಿರುವ ಪ್ಯಾಕೇಜು ಇಂಪೋರ್ಟ್ ಆಗುವಂತಿದ್ದರೆ ಅದು ಯಾವ ಫೋಲ್ಡರಿನಿಂದ ಬರುತ್ತಿದೆ ಎಂಬುದನ್ನೂ ಮುದ್ರಿಸಿ. ಇನ್ನು ಮುಂದೆ ಬರೀ ‘ಪಿಪ್’ ಎನ್ನುವ ಬದಲು ‘ಪೈಥಾನ್ -ಎಂ ಪಿಪ್’ ಎಂದೇ ಕರೆಯುವ ಅಭ್ಯಾಸ ಮಾಡಿಕೊಂಡರೆ ಇನ್‌ಸ್ಟಾಲ್ ಆಗುವುದು ಓಡುವ ಪೈಥಾನ್‌ಗೇ ಎಂಬ ಭರವಸೆ ಇರುತ್ತದೆ.

ಇಲ್ಲಿ ಎರಡು ಅಡಗುತಾಣಗಳಿವೆ. ಒಂದು, ಹೋಮ್ ಫೋಲ್ಡರಿನಲ್ಲಿರುವ ‘.ಲೋಕಲ್’: ಹಿಂದೆಂದೋ ‘ಯೂಸರ್’ ಆಯ್ಕೆ ಕೊಟ್ಟು ಇನ್‌ಸ್ಟಾಲ್ ಮಾಡಿದ ಪ್ಯಾಕೇಜುಗಳು ಅಲ್ಲೇ ಕುಳಿತಿದ್ದು, ಅದೇ ಪೈಥಾನ್ ಆವೃತ್ತಿಯ ಕಾಂಡಾ ಎನ್ವಿರಾನ್‌ಮೆಂಟುಗಳಲ್ಲೆಲ್ಲ ಮುಂದೆ ಬಂದು ನಿಲ್ಲುತ್ತವೆ. ಪೈಥಾನನ್ನು ‘-ಎಸ್’ (ಇಂಗ್ಲಿಷಿನ ಸಣ್ಣ ಅಕ್ಷರ) ಆಯ್ಕೆಯೊಂದಿಗೆ ಓಡಿಸಿದಾಗ ತೊಂದರೆ ಮಾಯವಾದರೆ ಕಾರಣ ಅದೇ. ಇನ್ನೊಂದು, ಶೆಲ್‌ನ ಆರಂಭದ ಫೈಲಿನಲ್ಲಿ ಯಾವಾಗಲೋ ಬರೆದು ಮರೆತ ‘ಪೈಥಾನ್‌ಪಾತ್’ ಮತ್ತು ‘ಎಲ್‌ಡಿ ಲೈಬ್ರರಿ ಪಾತ್’ ಎಂಬ ಪರಿಸರ ಚರಗಳು. ಇವೆರಡನ್ನೂ ಖಾಲಿ ಮಾಡಿ ಒಮ್ಮೆ ಓಡಿಸಿ ನೋಡಿದ ಮೇಲಷ್ಟೇ ಮುಂದಿನ ಹೆಜ್ಜೆ.

ಎರರ್ ಸಂದೇಶ ಏನು ಹೇಳುತ್ತಿದೆ

ಆವೃತ್ತಿಗಳ ಜಗಳವೆಲ್ಲ ಒಂದೇ ಬಗೆಯದಲ್ಲ. ಇನ್‌ಸ್ಟಾಲ್ ಮಾಡುವ ಹೊತ್ತಿಗೇ ಪಿಪ್ ‘ಇವೆರಡನ್ನೂ ಒಟ್ಟಿಗೆ ಇಡಲಾಗದು’ ಎಂದು ನಿರಾಕರಿಸಿದರೆ ಅದು ಎಲ್ಲಕ್ಕಿಂತ ಒಳ್ಳೆಯ ಸುದ್ದಿ, ಏಕೆಂದರೆ ಏನೂ ಕೆಟ್ಟಿಲ್ಲ. ಯಾರಿಗೆ ಯಾವ ಆವೃತ್ತಿ ಬೇಕು ಎಂಬುದೂ ಆ ಸಂದೇಶದಲ್ಲೇ ಇರುತ್ತದೆ. 2020ರ ನವೆಂಬರ್‌ನಲ್ಲಿ ಬಂದ ಪಿಪ್ 20.3ಕ್ಕಿಂತ ಹಿಂದೆ ಈ ನಿರಾಕರಣೆಯೂ ಇರಲಿಲ್ಲ, ಮೊದಲು ಕಂಡ ಆವೃತ್ತಿಯನ್ನು ಪಿಪ್ ಹಾಗೆಯೇ ಹಾಕಿಬಿಡುತ್ತಿತ್ತು. ಈಗಲೂ ಒಂದು ಬಿರುಕು ಉಳಿದಿದೆ. ನೀವು ಈ ಆಜ್ಞೆಯಲ್ಲಿ ಕೇಳಿದ ಪ್ಯಾಕೇಜುಗಳು ಮತ್ತು ಅವುಗಳ ಅವಲಂಬನೆಗಳ ನಡುವಿನ ಹೊಂದಾಣಿಕೆಯನ್ನು ಪಿಪ್ ನೋಡುತ್ತದೆಯೇ ಹೊರತು, ಈ ಮೊದಲೇ ಇನ್‌ಸ್ಟಾಲ್ ಆಗಿರುವ ಎಲ್ಲದರ ಜೊತೆಗಿನ ಹೊಂದಾಣಿಕೆಯನ್ನಲ್ಲ. ಅಂಥ ಕಡೆ ಅದು ಕೆಂಪಕ್ಷರದಲ್ಲಿ ಒಂದು ಎಚ್ಚರಿಕೆ ಮುದ್ರಿಸಿ, ಅದರ ಕೆಳಗೇ ‘ಯಶಸ್ವಿಯಾಗಿ ಇನ್‌ಸ್ಟಾಲ್ ಆಯಿತು’ ಎಂದೂ ಬರೆಯುತ್ತದೆ. ಕಣ್ಣು ಕೊನೆಯ ಸಾಲಿಗೆ ಹೋಗುತ್ತದೆ, ಕೆಂಪು ಸಾಲು ಮೇಲಕ್ಕೆ ಸರಿದುಹೋಗುತ್ತದೆ. ದಯವಿಟ್ಟು ಆ ಕೆಂಪು ಸಾಲನ್ನು ಓದಿ. ಮಾರನೆಯ ದಿನದ ತೊಂದರೆಯ ಹೆಸರು ಅದರಲ್ಲಿ ಬರೆದಿರುತ್ತದೆ.

ಎರಡನೆಯ ಬಗೆಯದು, ಕೋಡು ಕೇಳುವ ಹೆಸರು ಲೈಬ್ರರಿಯಲ್ಲಿ ಈಗ ಇಲ್ಲದಿರುವುದು. ಸಂಖ್ಯೆಗಳ ಲೆಕ್ಕಾಚಾರದ ಮೂಲ ಲೈಬ್ರರಿಯಾದ ನಂಪೈಯಲ್ಲಿ ‘ಫ್ಲೋಟ್’, ‘ಇಂಟ್’ ಮೊದಲಾದ ಅಡ್ಡಹೆಸರುಗಳಿದ್ದವು, 1.20ರಲ್ಲಿ ಅವುಗಳ ಬಳಕೆಗೆ ಎಚ್ಚರಿಕೆ ಶುರುವಾಗಿ, 1.24ರಲ್ಲಿ ಅವನ್ನು ತೆಗೆದುಹಾಕಲಾಯಿತು. ಕೋಷ್ಟಕದ ಡೇಟಾ ನಿರ್ವಹಿಸುವ ಪಾಂಡಾಸ್‌ನ 2.0 ಬಂದಾಗ ಡೇಟಾಫ್ರೇಮ್‌ನ ‘ಅಪೆಂಡ್’ ಹೋಯಿತು. ಪೈಥಾನ್ 3.12ರಲ್ಲಿ ‘ಡಿಸ್ಟ್‌ಯುಟಿಲ್ಸ್’ ಇಲ್ಲದ್ದರಿಂದ ಹಳೆಯ ಪ್ಯಾಕೇಜುಗಳ ಬಿಲ್ಡ್ ಸ್ಕ್ರಿಪ್ಟುಗಳು ಸಾಲುಸಾಲಾಗಿ ನಿಂತವು. ಹೆಸರು ಕಾಣೆಯಾದದ್ದು ನಿಮ್ಮ ಕೋಡಿನಲ್ಲಾದರೆ ತಿದ್ದುವುದು ಐದು ನಿಮಿಷದ ಕೆಲಸ, ನಂಪೈಯ ‘ಫ್ಲೋಟ್’ ಬದಲು ಪೈಥಾನ್‌ನದೇ ‘ಫ್ಲೋಟ್’ ಬರೆದರಾಯಿತು; ನಂಪೈ 2ಕ್ಕೆ ಬೇಕಾದ ಇಂಥ ತಿದ್ದುಪಡಿಗಳನ್ನು ರಫ್ ಎಂಬ ಲಿಂಟರ್ (ಕೋಡಿನ ದೋಷ ಹುಡುಕುವ ಸಾಧನ) ತನ್ನ ಎನ್‌ಪಿವೈ201 ನಿಯಮದಿಂದ ಬಹುಮಟ್ಟಿಗೆ ತಾನೇ ಮಾಡಿಕೊಡುತ್ತದೆ. ಕಾಣೆಯಾದದ್ದು ಬೇರೆಯವರ ಪ್ಯಾಕೇಜಿನ ಒಳಗಾದರೆ ಅಲ್ಲಿ ಕೈಹಾಕಬೇಡಿ, ಆವೃತ್ತಿಯನ್ನೇ ಬದಲಿಸಿ. ‘ಸೈಟ್ ಪ್ಯಾಕೇಜಸ್’ ಫೋಲ್ಡರಿನ ಒಳಗೆ ಮಾಡಿದ ತಿದ್ದುಪಡಿ ಮುಂದಿನ ಇನ್‌ಸ್ಟಾಲ್‌ನಲ್ಲಿ ಗುರುತಿಲ್ಲದಂತೆ ಅಳಿಸಿಹೋಗುತ್ತದೆ.

ಮೂರನೆಯದು ಕಂಪೈಲ್ ಆದ ಭಾಗಗಳ ನಡುವಿನ ಬಿರುಕು. ಸಿ ಭಾಷೆಯಲ್ಲಿ ಬರೆದ ಒಂದು ವಿಸ್ತರಣೆ ಕಂಪೈಲ್ ಆಗುವಾಗ, ನಂಪೈಯ ಅರೇ ಎಂಬ ವಸ್ತು ಮೆಮೊರಿಯಲ್ಲಿ ಎಷ್ಟು ಬೈಟ್ ಹಿಡಿಯುತ್ತದೆ, ಅದರ ಯಾವ ಭಾಗ ಎಲ್ಲಿರುತ್ತದೆ ಎಂಬ ಲೆಕ್ಕ ಆ ಬೈನರಿಯೊಳಗೆ ಅಚ್ಚಾಗಿಬಿಡುತ್ತದೆ. ಆಮೇಲೆ ಬೇರೆ ನಂಪೈ ಎದುರಾದರೆ ಲೆಕ್ಕ ತಪ್ಪುತ್ತದೆ. ‘ಅರೇಯ ಗಾತ್ರ ಬದಲಾಗಿದೆ, ಹೆಡರ್ ಪ್ರಕಾರ 88 ಇರಬೇಕಿತ್ತು, ಸಿಕ್ಕಿದ್ದು 80’ ಎಂಬ ಅರ್ಥದ ಸಂದೇಶವನ್ನು ಹಲವರು ನೋಡಿರುತ್ತಾರೆ. 2021ರಲ್ಲಿ ಬಂದ ನಂಪೈ 1.20ರ ಜೊತೆ ಕಂಪೈಲ್ ಆದದ್ದನ್ನು ಅದಕ್ಕಿಂತ ಹಳೆಯದರ ಜೊತೆ ಓಡಿಸಿದಾಗ ಬರುವುದು ಅದು. ಇದಕ್ಕಿಂತ ದೊಡ್ಡ ಅಲುಗಾಟ 2024ರ ಜೂನ್‌ನಲ್ಲಿ ನಂಪೈ 2.0 ಬಂದಾಗ ಆಯಿತು. 2006ರಲ್ಲಿ 1.0 ಬಂದ ಮೇಲೆ ಇದೇ ಮೊದಲ ಬಾರಿಗೆ ಮುಖ್ಯ ಸಂಖ್ಯೆ ಬದಲಾಗಿ, 1.ಎಕ್ಸ್ ಜೊತೆ ಕಂಪೈಲ್ ಆದ ವಿಸ್ತರಣೆಗಳು 2ರಲ್ಲಿ ಓಡದಂತಾದವು. ತಿರುಗಿಸಿ ಹೇಳುವುದಾದರೆ, 2ರ ಜೊತೆ ಕಂಪೈಲ್ ಆದವು ಹಿಂದಿನ ಹಲವು 1.ಎಕ್ಸ್ ಆವೃತ್ತಿಗಳಲ್ಲೂ ಓಡುತ್ತವೆ. ಆದ್ದರಿಂದ ಇಂಥ ಕಡೆ ದಾರಿ ಎರಡೇ: ತಕರಾರಿನ ಪ್ಯಾಕೇಜಿನ ಹೊಸ ಬಿಡುಗಡೆ ಇದ್ದರೆ ಅದನ್ನು ತರುವುದು, ಇಲ್ಲದಿದ್ದರೆ ನಂಪೈಯನ್ನು 2ಕ್ಕಿಂತ ಕೆಳಗೆ ಹಿಡಿದಿಡುವುದು.

ಇನ್ನೂ ಆಳದಲ್ಲಿ ಪೈಥಾನ್‌ಗೆ ಕಾಣದ ಲೈಬ್ರರಿಗಳಿವೆ. ‘ಜಿಎಲ್‌ಐಬಿಸಿಎಕ್ಸ್‌ಎಕ್ಸ್’ ಎಂಬ ಹೆಸರಿನ ಮುಂದೆ ಒಂದು ಸಂಖ್ಯೆ ಬರೆದು ‘ಸಿಗಲಿಲ್ಲ’ ಎಂದಿದ್ದರೆ ಸಿ++ನ ರನ್‌ಟೈಮ್ ಹಳೆಯದು ಸಿಕ್ಕಿದೆ ಎಂದರ್ಥ. ದೊಡ್ಡ ಡೇಟಾ ಫೈಲುಗಳನ್ನು ಓದಿ ಬರೆಯುವ ಎಚ್‌ಡಿಎಫ್5 ತನ್ನ ಹೆಡರ್‌ನ ಆವೃತ್ತಿಗೂ ಲೈಬ್ರರಿಯ ಆವೃತ್ತಿಗೂ ಹೊಂದಾಣಿಕೆ ಇಲ್ಲದಿದ್ದರೆ ಡೇಟಾ ಕೆಡಿಸುವ ಬದಲು ಪ್ರೋಗ್ರಾಮನ್ನೇ ನಿಲ್ಲಿಸುತ್ತದೆ. ಆ ತಪಾಸಣೆಯನ್ನು ಆಫ್ ಮಾಡುವ ಪರಿಸರ ಚರ ಇದೆಯೆಂದು ಗೊತ್ತಾದಾಗ ಅದನ್ನು ಬಳಸುವ ಆಸೆಯಾಗುತ್ತದೆ, ಬಳಸಬಾರದು. ಲೆಕ್ಕವನ್ನು ಹಲವು ಥ್ರೆಡ್‌ಗಳಿಗೆ ಹಂಚುವ ಇಂಟೆಲ್‌ನ ಓಪನ್‌ಎಂಪಿ ರನ್‌ಟೈಮ್ ಎರಡು ಕಡೆಯಿಂದ ಲೋಡ್ ಆದಾಗ ಬರುವ 15ನೇ ಸಂಖ್ಯೆಯ ಎರರ್ ಕೂಡ ಅಂಥದ್ದೇ. ನಕಲು ಇದ್ದರೂ ಪರವಾಗಿಲ್ಲ ಎಂದು ಹೇಳುವ ಒಂದು ಪರಿಸರ ಚರವನ್ನು ಆ ಸಂದೇಶವೇ ಸೂಚಿಸುತ್ತದೆ, ಜೊತೆಗೇ ಅದು ಅಸುರಕ್ಷಿತ, ಸದ್ದಿಲ್ಲದೆ ತಪ್ಪು ಫಲಿತಾಂಶ ಕೊಡಬಹುದು ಎಂದೂ ಹೇಳುತ್ತದೆ. ವೈಜ್ಞಾನಿಕ ಲೆಕ್ಕಾಚಾರ ಮಾಡುವವರು ಆ ವಾಕ್ಯದ ಎರಡನೆಯ ಅರ್ಧವನ್ನು ಎರಡು ಸಲ ಓದಬೇಕು.

ಕ್ಲಸ್ಟರ್‌ಗಳಲ್ಲಿ, ಅಂದರೆ ಒಟ್ಟಿಗೆ ದುಡಿಯುವ ಕಂಪ್ಯೂಟರುಗಳ ಗುಂಪಿನಲ್ಲಿ, ಪ್ರೊಸೆಸ್‌ಗಳ ನಡುವೆ ಸಂದೇಶ ಸಾಗಿಸುವ ಎಂಪಿಐನ ಜಗಳ ಎರರನ್ನೇ ಕೊಡದೆ ಬರಬಹುದು. ನಾಲ್ಕು ಪ್ರೊಸೆಸ್‌ಗಳನ್ನು ಶುರುಮಾಡಿ ಪ್ರತಿಯೊಂದಕ್ಕೂ ತನ್ನ ಕ್ರಮಾಂಕ ಹೇಳುವಂತೆ ಮಾಡಿ. ನಾಲ್ಕೂ ‘ನನ್ನ ಕ್ರಮಾಂಕ 0, ಒಟ್ಟು 1’ ಎಂದರೆ, ಉಡಾವಣೆ ಮಾಡಿದ್ದು ಒಂದು ಎಂಪಿಐ, ಎಂಪಿಐಯನ್ನು ಪೈಥಾನ್‌ನಿಂದ ಕರೆಯುವ ಪ್ಯಾಕೇಜಾದ ಎಂಪಿಐ4ಪೈ ಜೋಡಿಸಿಕೊಂಡದ್ದು ಇನ್ನೊಂದು. ಓಪನ್ ಎಂಪಿಐ ಮತ್ತು ಎಂಪಿಐಸಿಎಚ್‌ಗಳ ಬೈನರಿಗಳು ಒಂದರ ಬದಲು ಇನ್ನೊಂದು ನಡೆಯುವಂಥವಲ್ಲ. ಕ್ಲಸ್ಟರಿನಲ್ಲಿ ಲೋಡ್ ಆಗಿರುವ ಮಾಡ್ಯೂಲ್‌ಗಳನ್ನೆಲ್ಲ ಪರ್ಜ್ ಮಾಡಿ (ಇಳಿಸಿ), ಬೇಕಾದ ಎಂಪಿಐ ಒಂದನ್ನೇ ಲೋಡ್ ಮಾಡಿ, ಎಂಪಿಐ4ಪೈಯನ್ನು ಅದರ ಜೊತೆ ಮೂಲದಿಂದ ಕಂಪೈಲ್ ಮಾಡಿಕೊಳ್ಳುವುದೇ ಪರಿಹಾರ.

ಯಾರು ಯಾರನ್ನು ಎಳೆಯುತ್ತಿದ್ದಾರೆ

‘ಪಿಪ್ ಚೆಕ್’ ಓಡಿಸಿದರೆ ಇನ್‌ಸ್ಟಾಲ್ ಆಗಿರುವ ಪ್ಯಾಕೇಜುಗಳಲ್ಲಿ ಯಾವುದರ ಬೇಡಿಕೆ ಈಡೇರಿಲ್ಲ ಎಂಬುದು ತಿಳಿಯುತ್ತದೆ. ‘ಪಿಪ್‌ಡೆಪ್‌ಟ್ರೀ’ ಎಂಬ ಸಣ್ಣ ಸಾಧನವನ್ನು ‘ರಿವರ್ಸ್’ ಆಯ್ಕೆಯೊಂದಿಗೆ ನಂಪೈ ಮೇಲೆ ಓಡಿಸಿದರೆ ನಂಪೈಯನ್ನು ಅವಲಂಬಿಸಿರುವವರ ವಂಶವೃಕ್ಷ ಬರುತ್ತದೆ, ಪ್ರತಿಯೊಬ್ಬರೂ ಕೇಳುವ ಆವೃತ್ತಿಯ ಮಿತಿಯೂ ಪಕ್ಕದಲ್ಲಿರುತ್ತದೆ. ಆದರೆ ‘ಪಿಪ್ ಚೆಕ್’ ಏನೂ ತಪ್ಪಿಲ್ಲ ಎಂದರೂ ಪ್ರೋಗ್ರಾಂ ಬೀಳಬಹುದು, ಇದರ ಕಾರಣವನ್ನು ತಿಳಿದುಕೊಂಡರೆ ಅರ್ಧ ಕೆಲಸ ಮುಗಿದಂತೆ. 2022ರಲ್ಲಿ ಬಿಡುಗಡೆಯಾದ ಒಂದು ಪ್ಯಾಕೇಜು ತನಗೆ ನಂಪೈ ‘1.20 ಅಥವಾ ಅದಕ್ಕಿಂತ ಮೇಲಿನದು’ ಬೇಕೆಂದು ಬರೆದುಕೊಂಡಿರುತ್ತದೆ, ಮೇಲ್ಮಿತಿ ಹಾಕಿರುವುದಿಲ್ಲ. ಬರೆದವರು ಅಂದು ಇದ್ದ ಆವೃತ್ತಿಗಳಲ್ಲಿ ಪರೀಕ್ಷಿಸಿದ್ದರು, 2.0 ಅವರ ಕಣ್ಣ ಮುಂದಿರಲಿಲ್ಲ. ಇಂದು ಪಿಪ್ ಆ ವಾಕ್ಯವನ್ನು ಅಕ್ಷರಶಃ ಓದಿ 2.ಎಕ್ಸ್ ತಂದುಕೊಡುತ್ತದೆ, ಕಾಗದದ ಮೇಲೆ ಎಲ್ಲವೂ ಸರಿ. ಹಾಗಾಗಿ ತಕರಾರಿನ ಪ್ಯಾಕೇಜು ಯಾವ ತಿಂಗಳು ಬಿಡುಗಡೆಯಾಯಿತು, ಅದರ ಅವಲಂಬನೆ ಯಾವ ತಿಂಗಳಿನದು ಎಂಬೆರಡನ್ನು ಪಕ್ಕಪಕ್ಕದಲ್ಲಿಟ್ಟು ನೋಡುವುದು ನನಗೆ ಎಷ್ಟೋ ಸಲ ಎರರ್ ಸಂದೇಶಕ್ಕಿಂತ ಬೇಗ ಉತ್ತರ ಕೊಟ್ಟಿದೆ.

ಹೊಸದಾಗಿ ಕಟ್ಟುವ ಕ್ರಮ

ಹಳೆಯ ಎನ್ವಿರಾನ್‌ಮೆಂಟನ್ನು ಅಳಿಸಬೇಡಿ, ಹೆಸರು ಬದಲಿಸದೆ ಹಾಗೇ ಬಿಡಿ, ಹೋಲಿಕೆಗೆ ಬೇಕಾಗುತ್ತದೆ. ಹೊಸದಕ್ಕೆ ಮೊದಲು ತೀರ್ಮಾನಿಸಬೇಕಾದದ್ದು ಪೈಥಾನ್ ಆವೃತ್ತಿ, ಏಕೆಂದರೆ ವೀಲ್‌ಗಳು, ಅಂದರೆ ಕಂಪೈಲ್ ಮಾಡಿಯೇ ಬರುವ ಪ್ಯಾಕೇಜುಗಳು, ಪೈಥಾನ್ ಆವೃತ್ತಿಗೆ ತಕ್ಕಂತೆ ಬೇರೆ ಬೇರೆ ಇರುತ್ತವೆ. ನಂಪೈ 1.26ನ್ನು ನೋಡಿ: 1.ಎಕ್ಸ್ ಸಾಲಿನ ಕೊನೆಯದಾದ ಇದಕ್ಕೆ ಪೈಥಾನ್ 3.9ರಿಂದ 3.12ರವರೆಗೆ ವೀಲ್‌ಗಳಿವೆ, 3.13ಕ್ಕೆ ಇಲ್ಲ. 3.13ರಲ್ಲಿ ಕುಳಿತು ‘ನಂಪೈ<2’ ಎಂದು ಕೇಳಿದರೆ ಪಿಪ್ ಮೂಲ ಕೋಡನ್ನು ತಂದು ಕಂಪೈಲ್ ಮಾಡಲು ಹೊರಡುತ್ತದೆ, ಆಮೇಲೆ ಬರುವ ಕಂಪೈಲರ್ ಎರರ್‌ಗಳ ರಾಶಿಯನ್ನು ನೋಡಿದವರಿಗೆ ಕಾರಣ ಪೈಥಾನ್ ಆವೃತ್ತಿ ಎಂದು ಹೊಳೆಯುವುದೇ ಕಷ್ಟ. ಹಾಗಾಗಿ ಗುಂಪಿನಲ್ಲಿ ಎಲ್ಲಕ್ಕಿಂತ ಹಠಮಾರಿ ಪ್ಯಾಕೇಜು ಯಾವುದು, ನವೀಕರಣ ನಿಂತಿರುವುದು ಯಾವುದು ಎಂದು ಗುರುತಿಸಿ, ಅದಕ್ಕೆ ಒಗ್ಗುವ ಪೈಥಾನ್ ಆರಿಸಿ. ಉಳಿದವು ಅದಕ್ಕೆ ತಕ್ಕಂತೆ ಹೊಂದಿಕೊಳ್ಳುತ್ತವೆ.

ಪ್ಯಾಕೇಜುಗಳನ್ನು ಒಂದೊಂದಾಗಿ ಇನ್‌ಸ್ಟಾಲ್ ಮಾಡಬೇಡಿ. ಎಲ್ಲವನ್ನೂ ಒಂದು ಫೈಲಿನಲ್ಲಿ ಬರೆದು ಒಂದೇ ಆಜ್ಞೆಯಲ್ಲಿ ಕೊಟ್ಟರೆ, ಎಲ್ಲರ ಬೇಡಿಕೆಯೂ ಒಂದೇ ಹೊತ್ತಿಗೆ ಪಿಪ್‌ನ ಕಣ್ಣಿಗೆ ಬಿದ್ದು ಎಲ್ಲಕ್ಕೂ ಒಪ್ಪುವ ಆವೃತ್ತಿ ಹುಡುಕಲು ಅದಕ್ಕೆ ಸಾಧ್ಯವಾಗುತ್ತದೆ. ನೀವು ನೇರವಾಗಿ ಬಳಸದ, ಆದರೆ ಮಿತಿಯೊಳಗೆ ಹಿಡಿದಿಡಬೇಕಾದ ಪ್ಯಾಕೇಜುಗಳಿದ್ದರೆ ಅವನ್ನು ಪ್ರತ್ಯೇಕ ಕನ್‌ಸ್ಟ್ರೈಂಟ್ಸ್ ಫೈಲಿನಲ್ಲಿ ಬರೆದು ‘-ಸಿ’ (ಇಂಗ್ಲಿಷಿನ ಸಣ್ಣ ಅಕ್ಷರ) ಆಯ್ಕೆಯಿಂದ ಕೊಡಿ. ಅದು ಇನ್‌ಸ್ಟಾಲ್ ಮಾಡು ಎನ್ನುವುದಿಲ್ಲ, ಮಾಡುವುದಾದರೆ ಈ ಮಿತಿ ದಾಟಬೇಡ ಎನ್ನುತ್ತದೆ. ಹಳೆಯ ಪ್ರಾಜೆಕ್ಟಿನ ಪಟ್ಟಿಯೇ ಉಳಿದಿಲ್ಲ, ಅದು ಓಡುತ್ತಿದ್ದ ವರ್ಷ ಮಾತ್ರ ನೆನಪಿದೆ ಎನ್ನುವವರಿಗೆ ಪಿಪ್‌ನಂತೆಯೇ ಪ್ಯಾಕೇಜು ಹಾಕುವ ಯುವಿ ಎಂಬ ಸಾಧನದ ‘ಎಕ್ಸ್‌ಕ್ಲೂಡ್ ನ್ಯೂಯರ್’ ಆಯ್ಕೆ ಬಹಳ ಉಪಕಾರಿ. ಅದಕ್ಕೊಂದು ದಿನಾಂಕ ಕೊಟ್ಟರೆ ಆ ದಿನದ ನಂತರ ಬಂದ ಯಾವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳದೆ, ಅಂದಿನ ಜಗತ್ತಿನಲ್ಲಿ ಕುಳಿತಂತೆ ಆವೃತ್ತಿಗಳನ್ನು ಆರಿಸುತ್ತದೆ.

ಕಾಂಡಾ ಬಳಸುವವರು ಚಾನೆಲ್‌ಗಳನ್ನು, ಅಂದರೆ ಪ್ಯಾಕೇಜುಗಳನ್ನು ತರುವ ಭಂಡಾರಗಳನ್ನು, ಬೆರೆಸದಿರುವುದು ಒಳ್ಳೆಯದು. ಕಾಂಡಾ-ಫೋರ್ಜ್ ಆರಿಸಿಕೊಂಡರೆ ಚಾನೆಲ್ ಆದ್ಯತೆಯನ್ನು ‘ಸ್ಟ್ರಿಕ್ಟ್’ ಮಾಡಿ ಅದರಲ್ಲೇ ಇರಿ. ಕಾಂಡಾದಿಂದ ಸಿಗುವುದನ್ನೆಲ್ಲ ಮೊದಲು ಹಾಕಿ, ಸಿಗದೆ ಉಳಿದದ್ದನ್ನು ಮಾತ್ರ ಕೊನೆಯಲ್ಲಿ ಪಿಪ್‌ನಿಂದ ಹಾಕಿ, ಆ ಬಳಿಕ ಮತ್ತೆ ಕಾಂಡಾ ಇನ್‌ಸ್ಟಾಲ್ ಮಾಡಬೇಡಿ. ಪಿಪ್ ಬದಲಿಸಿದ ಫೈಲುಗಳ ಮೇಲೆ ಕಾಂಡಾ ಮತ್ತೆ ಬರೆದರೆ ಒಂದೇ ಪ್ಯಾಕೇಜಿನ ಎರಡು ಆವೃತ್ತಿಗಳ ಫೈಲುಗಳು ಒಂದೇ ಫೋಲ್ಡರಿನಲ್ಲಿ ಉಳಿದುಬಿಡುತ್ತವೆ. ಎರಡು ಪ್ಯಾಕೇಜುಗಳ ಬೇಡಿಕೆಗೆ ಸಾಮಾನ್ಯ ಉತ್ತರವೇ ಇಲ್ಲ ಎಂದಾದರೆ, ‘ನೋ ಡೆಪ್ಸ್’ ಕೊಟ್ಟು ಬಲವಂತವಾಗಿ ಕೂರಿಸುವ ಬದಲು ಕೆಲಸವನ್ನೇ ಎರಡು ಹಂತ ಮಾಡಿ, ಹಂತಕ್ಕೊಂದು ಎನ್ವಿರಾನ್‌ಮೆಂಟ್ ಇಟ್ಟು, ನಡುವೆ ಡೇಟಾವನ್ನು ಫೈಲಿನ ಮೂಲಕ ದಾಟಿಸಿ. ಆ ಫೈಲು ಪಿಕಲ್ (ಪೈಥಾನ್ ವಸ್ತುಗಳನ್ನು ಹಾಗೆಯೇ ಫೈಲಿಗೆ ಇಳಿಸುವ ಮಾದರಿ) ಆಗಿರಬಾರದು, ಪಿಕಲ್ ತಾನೇ ಆವೃತ್ತಿಗಳಿಗೆ ಕಟ್ಟುಬಿದ್ದದ್ದು. ಎಚ್‌ಡಿಎಫ್5 ಅಥವಾ ಪಾರ್ಕೆ ಆಗಬಹುದು.

ಓಡಿತು, ಸರಿಯಾಗಿದೆಯೇ?

ಬಿದ್ದುಹೋಗುವ ಪ್ರೋಗ್ರಾಂ ತಾನು ಕೆಟ್ಟಿದ್ದೇನೆಂದು ಹೇಳುತ್ತದೆ. ನನಗೆ ಹೆಚ್ಚು ಆತಂಕವಿರುವುದು ಬೀಳದೆ ಬೇರೆ ಅಂಕಿ ಕೊಡುವುದರ ಬಗ್ಗೆ. ನಂಪೈಯಲ್ಲಿ 8 ಬಿಟ್‌ನ ಚಿಹ್ನೆರಹಿತ ಪೂರ್ಣಾಂಕವಾಗಿ 100ನ್ನು ಇಟ್ಟು ಅದಕ್ಕೆ ಪೈಥಾನ್‌ನ 200 ಕೂಡಿಸಿ. ನಂಪೈ 1.ಎಕ್ಸ್‌ನಲ್ಲಿ ಉತ್ತರ 300. ನಂಪೈ 2ರಲ್ಲಿ ಉತ್ತರ 44, ಜೊತೆಗೆ ಒಂದು ಎಚ್ಚರಿಕೆ. ಹೊಸ ನಿಯಮದಲ್ಲಿ ಪೈಥಾನ್‌ನ ಸಂಖ್ಯೆ ನಂಪೈಯ ವಿಧಕ್ಕೆ ತಲೆಬಾಗುತ್ತದೆ, ಫಲಿತಾಂಶ 8 ಬಿಟ್‌ನಲ್ಲೇ ಉಳಿಯುತ್ತದೆ, 255 ದಾಟಿದ್ದು ಸುತ್ತಿ ಬರುತ್ತದೆ. ಹಾಗೆಯೇ 32 ಬಿಟ್‌ನ ಒಂಟಿ ದಶಮಾಂಶ ಸಂಖ್ಯೆಗೆ ಪೈಥಾನ್‌ನ 3.0 ಕೂಡಿಸಿದರೆ ಮೊದಲು 64 ಬಿಟ್ ಸಿಗುತ್ತಿತ್ತು, ಈಗ 32 ಬಿಟ್ಟೇ ಸಿಗುತ್ತದೆ, ಇದಕ್ಕೆ ಎಚ್ಚರಿಕೆಯೂ ಇಲ್ಲ. ಸಾವಿರಾರು ಸಲ ಕೂಡಿಸುವ ಲೂಪಿನಲ್ಲಿ ಹೀಗೆ ನಿಖರತೆ ಇಳಿದರೆ ಅದು ಕೊನೆಯ ಗ್ರಾಫಿನಲ್ಲಿ ಕಾಣಬಹುದು, ಕಾಣದೆಯೂ ಹೋಗಬಹುದು.

ಇದಕ್ಕಾಗಿಯೇ ಹಳೆಯ ಎನ್ವಿರಾನ್‌ಮೆಂಟ್ ಉಳಿಸಿಕೊಳ್ಳಿ ಎಂದದ್ದು. ಅದು ಈಗಲೂ ಅಷ್ಟಿಷ್ಟು ಓಡುವಂತಿದ್ದರೆ, ಇಲ್ಲದಿದ್ದರೆ ಹಿಂದೆ ಉಳಿಸಿದ ಫಲಿತಾಂಶಗಳಿದ್ದರೆ, ಒಂದು ಸಣ್ಣ ಇನ್‌ಪುಟ್‌ಗೆ ಎರಡೂ ಕಡೆಯ ಉತ್ತರಗಳನ್ನು ಇಟ್ಟು ನೋಡಿ. ಪ್ರತಿ ಬಿಟ್ಟೂ ಹೊಂದಬೇಕೆಂದು ಹಠ ಹಿಡಿಯಬೇಕಿಲ್ಲ. ಒಳಗಿನ ರೇಖೀಯ ಬೀಜಗಣಿತದ ಲೈಬ್ರರಿ ಓಪನ್‌ಬ್ಲಾಸ್ ಇದ್ದದ್ದು ಎಂಕೆಎಲ್ ಆದರೆ ಕೂಡಿಸುವ ಅನುಕ್ರಮ ಬದಲಾಗಿ ಕೊನೆಯ ಅಂಕಿಗಳು ಅಲುಗುತ್ತವೆ, ಅದು ತಪ್ಪಲ್ಲ. ನಂಪೈಯ ‘ಆಲ್‌ಕ್ಲೋಸ್’ ಬಳಸಿ, ಸಹಿಷ್ಣುತೆಯನ್ನು ನಿಮ್ಮ ಸಮಸ್ಯೆಗೆ ಎಷ್ಟು ನಿಖರತೆ ಬೇಕೋ ಅದಕ್ಕೆ ತಕ್ಕಂತೆ ನೀವೇ ನಿಗದಿಪಡಿಸಿ. ಅರೇಗಳ ಡೇಟಾ ವಿಧವನ್ನೂ ಹೋಲಿಸಿ ನೋಡಿ, ಏಕೆಂದರೆ ವಿಂಡೋಸ್‌ನಲ್ಲಿ ನಂಪೈಯ ಪೂರ್ಣಾಂಕ ಮೊದಲು 32 ಬಿಟ್ ಇದ್ದದ್ದು 2ರಿಂದ 64 ಬಿಟ್ ಆಗಿದೆ. ಯಂತ್ರಕಲಿಕೆಯ ಲೈಬ್ರರಿಯಾದ ಸೈಕಿಟ್-ಲರ್ನ್‌ನ ಹಳೆಯ ಆವೃತ್ತಿಯಲ್ಲಿ ಪಿಕಲ್ ಮಾಡಿದ ಮಾದರಿಗಳಿದ್ದರೆ, ಹೊಸದರಲ್ಲಿ ತೆರೆದಾಗ ಬರುವ ಆವೃತ್ತಿ ಹೊಂದದ ಎಚ್ಚರಿಕೆಯನ್ನು ಕಡೆಗಣಿಸದೆ ಮಾದರಿಯನ್ನು ಮತ್ತೆ ತರಬೇತುಗೊಳಿಸಿ.

ಮುಂದಿನ ಸಲಕ್ಕೆ

ಎರಡು ಫೈಲುಗಳನ್ನು ಇಟ್ಟುಕೊಳ್ಳಿ. ಒಂದರಲ್ಲಿ ನಿಮಗೆ ನಿಜವಾಗಿ ಬೇಕಾದ ಪ್ಯಾಕೇಜುಗಳ ಹೆಸರು, ಸಡಿಲವಾದ ಮಿತಿಯೊಂದಿಗೆ. ಇನ್ನೊಂದು ಲಾಕ್ ಫೈಲು, ಅದರಲ್ಲಿ ನೀವು ಹೆಸರೇ ಕೇಳಿರದ ಅವಲಂಬನೆಯನ್ನೂ ಸೇರಿಸಿ ಪ್ರತಿಯೊಂದರ ನಿಖರ ಆವೃತ್ತಿ. ಯುವಿ, ಪೊಯೆಟ್ರಿ, ಕಾಂಡಾ-ಲಾಕ್ ಇವುಗಳಲ್ಲಿ ಯಾವುದಾದರೂ ಇದನ್ನು ತಾನೇ ಬರೆಯುತ್ತದೆ. ಮೊದಲನೆಯದನ್ನು ನೀವು ತಿದ್ದುತ್ತೀರಿ, ಎರಡನೆಯದನ್ನು ಕೈಯಿಂದ ಮುಟ್ಟುವುದಿಲ್ಲ. ತಂತ್ರಾಂಶವನ್ನು ಅದಕ್ಕೆ ಬೇಕಾದ ಸಿಸ್ಟಂ ಲೈಬ್ರರಿಗಳ ಸಮೇತ ಹಿಡಿದಿಡುವ ಒಂದು ಕಂಟೇನರಿನಲ್ಲಿ, ಕ್ಲಸ್ಟರ್‌ಗಳಲ್ಲಾದರೆ ಆಪ್‌ಟೇನರ್ ಎಂಬ ಕಂಟೇನರ್ ಸಾಧನದಲ್ಲಿ, ಎಲ್ಲವನ್ನೂ ಕಟ್ಟಿಟ್ಟರೆ ಸಿ ಲೈಬ್ರರಿಯವರೆಗೂ ಭದ್ರವಾಗುತ್ತದೆ. ಜಿಪಿಯು ಡ್ರೈವರ್ ಮಾತ್ರ ಯಂತ್ರದ್ದೇ ಇರುತ್ತದೆ, ಅದನ್ನು ಕಂಟೇನರ್ ಹೊತ್ತೊಯ್ಯಲಾರದು.

ಎಲ್ಲವನ್ನೂ ಬೀಗ ಹಾಕಿ ವರ್ಷಗಟ್ಟಲೆ ಮುಟ್ಟದಿರುವುದೂ ನಡೆಯುವುದಿಲ್ಲ. ವೈಜ್ಞಾನಿಕ ಪೈಥಾನ್ ಸಮುದಾಯದ ಸ್ಪೆಕ್ 0 ಎಂಬ ಒಪ್ಪಂದದ ಪ್ರಕಾರ ಪ್ರತಿ ಪೈಥಾನ್ ಆವೃತ್ತಿಗೆ ಬಿಡುಗಡೆಯಿಂದ 3 ವರ್ಷ, ಮುಖ್ಯ ಪ್ಯಾಕೇಜುಗಳ ಆವೃತ್ತಿಗಳಿಗೆ 2 ವರ್ಷ ಬೆಂಬಲ. ಎರಡು ವರ್ಷ ಮೀರಿದ ಜೋಡಣೆಯನ್ನು ಒಮ್ಮೆಲೇ ಮೇಲಕ್ಕೇರಿಸಹೊರಟರೆ ಹತ್ತು ಬದಲಾವಣೆಗಳು ಒಟ್ಟಿಗೆ ಎದುರಾಗಿ, ಯಾವುದು ಯಾವುದನ್ನು ಕೆಡಿಸಿತೆಂದು ಬಿಡಿಸುವುದೇ ಕಷ್ಟವಾಗುತ್ತದೆ. ಆರು ತಿಂಗಳಿಗೊಮ್ಮೆ, ಗಡುವಿಲ್ಲದ ಒಂದು ದಿನ ನೋಡಿ, ಖಾಲಿ ಫೋಲ್ಡರಿನಲ್ಲಿ ಹೊಸ ಲಾಕ್ ಫೈಲಿನಿಂದ ಎನ್ವಿರಾನ್‌ಮೆಂಟ್ ಕಟ್ಟಿ, ಬಳಕೆ ಕೊನೆಗೊಳ್ಳಲಿರುವ ಹೆಸರುಗಳ ಎಚ್ಚರಿಕೆಗಳನ್ನೆಲ್ಲ ಎರರ್ ಆಗಿ ಪರಿವರ್ತಿಸುವ ಆಯ್ಕೆಯೊಂದಿಗೆ ಪರೀಕ್ಷೆಗಳನ್ನು ಓಡಿಸಿ. ಬಿದ್ದದ್ದನ್ನು ಅಂದೇ ತಿದ್ದಿ, ಹಳೆಯದು ಹೊಸದು ಎರಡೂ ಲಾಕ್ ಫೈಲುಗಳನ್ನು ಗಿಟ್‌ನಲ್ಲಿ ಅವು ಕೊಟ್ಟ ಫಲಿತಾಂಶದ ಪಕ್ಕದಲ್ಲೇ ಸೇರಿಸಿಡಿ.